ಉದ್ದವಿಲ್ಲದ ಗೆರೆ

ಪಿಲ್ಸೆನ್, ಟ್ರಾಲಿಬಸ್ ಡಿಪೋದ ಮೂರನೇ ಮಹಡಿ,
ಫೆಬ್ರವರಿ. ಹೀಟರಿನ ಮೇಲೆ ಕ್ವೇತಾ ಅವರ ಒದ್ದೆ ಕೈಗವಸು.
ಪರದೆಯಲ್ಲಿ ಒಂದು ರೆಸಿಸ್ಟರನ್ನು ಹಿಡಿದು
ಎರಡು ಚೌಕ ಎಡಕ್ಕೆ ಸರಿಸಿದೆ.
ಅಷ್ಟೇ.

ತಂತಿಗಳು ಬರಲಿಲ್ಲ.
ಇದ್ದಲ್ಲೇ ನಿಂತವು,
ಕುಲುಕಲೆಂದು ಚಾಚಿದ ಕೈ
ಎದುರಿನವರು ಹೊರಟುಹೋದ ಮೇಲೂ
ಗಾಳಿಯಲ್ಲೇ ಉಳಿದಂತೆ.

"ಬರಬೇಕಿತ್ತು," ಎಂದ ಒಲ್ದ್ರಿಖ್ ಆಚೆ ಮೇಜಿನಿಂದ.
ಈ ತಂತ್ರಾಂಶದಲ್ಲಿ ಸರಿಸುವ ಕೀಲಿಯನ್ನು ಬರೆದವನು ಅವನೇ.
"ರಬ್ಬರಿನ ಹಾಗೆ ಹಿಗ್ಗಿಕೊಂಡು ಬರಬೇಕು. ನಾಳೆ ಬರುತ್ತವೆ."

ನಾಳೆ ಬಂದವು.
ಬಂದ ಚಂದವೋ,
ಓರೆಕೋರೆ, ಕೆಪಾಸಿಟರಿನ ಹೊಟ್ಟೆಯ ಮೇಲೆ ಹಾದು,
ಅಕ್ಷರಗಳ ಕತ್ತು ತುಳಿದು.
ಮರುವಾರ ಮೂಲೆಯಲ್ಲಿ ನೆಟ್ಟಗೆ ತಿರುಗುವುದನ್ನು ಕಲಿತವು.
ಆದರೆ ತಿರುವಿನ ತುದಿ ಇನ್ನೊಂದು ತಂತಿಯ ಮೈಗೆ
ತಾಗಿದರೆ ಸಾಕು, ಅಲ್ಲೊಂದು ಕರಿ ಚುಕ್ಕಿ:
ಕೇಳದೆ ಬಿದ್ದ ಗಂಟು,
ಕೇಳದೆ ಬೆಳೆದ ನಂಟು.

ಸಾಸಿವೆಕಾಳಿನಷ್ಟು. ನಾನು ನೋಡಲಿಲ್ಲ.
ಹದಿನೆಂಟು ದಿನ ಕಳೆದು ಬೋರ್ಡುಗಳು ಬಂದವು.
ಸ್ವಿಚ್ ಒತ್ತಿದಾಗ ಬಸ್ಸಿನ ಬಾಗಿಲು ತೆರೆಯಬೇಕಿದ್ದ ಚಿಪ್
ಒಂದು ಸಣ್ಣ ನಿಟ್ಟುಸಿರು ಬಿಟ್ಟಿತು.
ಸುಟ್ಟ ಉಗುರಿನ ವಾಸನೆ.
ಇಪ್ಪತ್ತನಾಲ್ಕು ವೋಲ್ಟು
ಐದು ವೋಲ್ಟಿನ ಮನೆಯೊಳಗೆ
ಚಪ್ಪಲಿ ಹಾಕಿಕೊಂಡೇ ನುಗ್ಗಿತ್ತು.

ಒಲ್ದ್ರಿಖ್ ಮಾತಾಡಲಿಲ್ಲ. ಕ್ವೇತಾ ಎದ್ದು ಬಂದರು.
ಟ್ರೇಸಿಂಗ್ ಕಾಗದದ ಕಾಲದವರು,
ತಪ್ಪಿದ ಮಸಿಗೆರೆಯನ್ನು ಬ್ಲೇಡಿನಿಂದ ಹೆರೆದು,
ಎದ್ದ ನಾರನ್ನು ಉಗುರಿನಿಂದ ತೀಡಿ ಮಲಗಿಸಿ
ಅದೇ ಗಾಯದ ಮೇಲೆ ಮತ್ತೆ ಗೆರೆ ಎಳೆದವರು.
ಒಂದು ರಿಲೇಯನ್ನು ಸರಿಸಬೇಕಾದರೆ
ಅದರ ಹನ್ನೊಂದು ಗೆರೆಗಳನ್ನು ಒಂದೊಂದಾಗಿ ಕೊಂದು
ಒಂದೊಂದಾಗಿ ಹುಟ್ಟಿಸಬೇಕಿತ್ತಂತೆ.
"ಹಾಗಾಗಿ ಸರಿಸುವ ಮೊದಲು ಯೋಚಿಸುತ್ತಿದ್ದೆವು.
ಹೊಗಳಿಕೊಳ್ಳುತ್ತಿಲ್ಲ. ಬೆರಳು ನೋಯುತ್ತಿತ್ತು, ಅದಕ್ಕೆ."

ಆಮೇಲೆ ಪೆನ್ಸಿಲಿನ ಹಿಂತುದಿಯಿಂದ ನನ್ನ ಪರದೆ ತಟ್ಟಿದರು.
"ಇದು ತಂತಿಯಲ್ಲ ಹುಡುಗಿ.
ತಂತಿಗೆ ಉದ್ದವಿದೆ, ತೂಕವಿದೆ, ಬಿಸಿಯಾಗುತ್ತದೆ, ಸವೆಯುತ್ತದೆ.
ಇದಕ್ಕೆ ಅದೇನೂ ಇಲ್ಲ.
ಗೇಣುದ್ದ ಎಳೆ, ಮಾರುದ್ದ ಎಳೆ, ಹೇಳುವುದು ಒಂದೇ:
ಈ ತುದಿಯೂ ಆ ತುದಿಯೂ ಒಂದು.
ಇದು ಕೊಟ್ಟ ಮಾತು.
ಮಾತು ಕೊಟ್ಟವರು ಮನೆ ಬದಲಿಸಿದರೆ
ಮಾತು ಹಳೇ ಮನೆಯ ಮೊಳೆಗೆ ನೇತಾಡುತ್ತದೆಯೇ?
ಹಾಗೆಂದು, ದಾರಿಯಲ್ಲಿ ಭುಜ ತಾಗಿದವರಿಗೆಲ್ಲ
ಮಾತು ಕೊಡುತ್ತ ಹೋಗುತ್ತಾರೆಯೇ?"

"ಕೆಲವು ಸಲ ಬಿಡಿಸಿಕೊಂಡೇ ಹೋಗಬೇಕು,"
ಎಂದ ಒಲ್ದ್ರಿಖ್, ಪರದೆ ಬಿಟ್ಟು ಕಣ್ಣೆತ್ತದೆ.
"ತಪ್ಪು ಜಾಗದಲ್ಲಿ ಕೂತದ್ದನ್ನು ಎತ್ತುವಾಗ
ಬೇರೆಲ್ಲ ಹಿಂದೆ ಬರುವುದು ಬೇಡ."
ಕಳೆದ ಅಕ್ಟೋಬರಿನಲ್ಲಿ ಅವನು ಲೊಖೊಟೀನಿನ ಮನೆ ಬಿಟ್ಟು
ಡಿಪೋದ ಹಿಂದಿನ ಬಾಡಿಗೆ ಕೋಣೆಗೆ ಬಂದಿದ್ದ,
ಎರಡೇ ಪೆಟ್ಟಿಗೆ. ಒಂದನ್ನು ನಾನು ಹೊತ್ತಿದ್ದೆ.
ಕ್ವೇತಾ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು:
"ಹೌದು. ಅದಕ್ಕೆ ಬೇರೆಯೇ ಕೀಲಿ ಇಡು.
ಏನು ಒತ್ತುತ್ತಿದ್ದೇವೆಂದು ಒತ್ತುವವರಿಗೆ ಗೊತ್ತಿರಲಿ."

ಕೆಳಗೆ ತಿರುವಿನಲ್ಲಿ ಹದಿಮೂರನೇ ನಂಬರಿನ ಬಸ್ಸಿನ ಕೋಲು
ಮೇಲಿನ ತಂತಿಯಿಂದ ಜಾರಿ ಆಕಾಶಕ್ಕೆ ಚಿಮ್ಮಿತು.
ಡ್ರೈವರ್ ಇಳಿದಳು, ಟೋಪಿ ಸರಿಮಾಡಿಕೊಂಡು
ಹಿಂದಿನ ಹಗ್ಗ ಜಗ್ಗಿ, ಗುರಿಯಿಟ್ಟು, ತಪ್ಪಿ,
ಮತ್ತೆ ಗುರಿಯಿಟ್ಟಳು. ನೀಲಿ ಕಿಡಿ. ಬಸ್ಸು ಹೊರಟಿತು.

ಒಂಬತ್ತು ದಿನದ ಮೇಲೆ ಹೊಸ ಕೀಲಿ.
ಅದೇ ರೆಸಿಸ್ಟರನ್ನು ಎರಡು ಚೌಕ ಬಲಕ್ಕೆ ಸರಿಸಿದೆ.
ತಂತಿಗಳು ಬಂದವು, ಮೂಲೆಯಲ್ಲಿ ಮಡಚಿಕೊಂಡು,
ಪರರ ಮೈ ತಾಗುವಲ್ಲಿ ನಿಂತು ಕೇಳಿದವು:
ಇಲ್ಲಿ ಗಂಟು ಹಾಕಲೇ?
ಬೇಡವೆಂದೆ. ಸುತ್ತಿ ಹೋದವು.

ಹಿಂದೆ ಒಂದು ಚೂರು ಗೆರೆ ಉಳಿದಿತ್ತು,
ಯಾವುದಕ್ಕೂ ಸೇರದೆ. ಅಳಿಸಲು ಹೋದೆ.
"ಇರಲಿ," ಎಂದ ಒಲ್ದ್ರಿಖ್, ಕುರ್ಚಿ ಹತ್ತಿರ ಎಳೆದುಕೊಂಡು.
"ಅದು ಯಾಕೆ ಉಳಿಯಿತು, ನೋಡಬೇಕು."